ಹಲ್ಲಣ್ಣನ ಡೀಸೆಲ್ ಕಾರು

ನಮ್ಮ ಭಾವ ಸುಳ್ಳು ಹೇಳುವವರಲ್ಲ. ನನಗೆ ತಿಳಿದ ಮಟ್ಟಿಗೆ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಆ ಸುಳ್ಳಿಗೆ ನಾಲ್ಕು ಚಕ್ರ, ಒಂದು ಹಾರ್ನು, ಹಿಂದೆ ಮೇಲಕ್ಕೆತ್ತುವ ಬಾಗಿಲು ಎಲ್ಲ ಇದ್ದವು. ಸಾಲದ್ದಕ್ಕೆ ಡೀಸೆಲ್ ಬೇರೆ ಕುಡಿಯುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಹಲ್ಲು ಕಟ್ಟುವುದು. ಹಾಗೆಂದು ಯಾರ ಬಾಯಿಗೂ ಕೈ ಹಾಕುವವರಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ಸರಿಹೊಂದುವ ಸೆಟ್ಟು ಮಾಡಿ ಕೊಡುತ್ತಾರೆ. ಮೇಣದಲ್ಲಿ ಹಲ್ಲು ಕೂರಿಸಿ, ಪ್ಲಾಸ್ಟರಿನಲ್ಲಿ ಹೂತು, ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಕೊನೆಗೆ ತಿಕ್ಕಿ ತಿಕ್ಕಿ ಹೊಳಪು ಕೊಡುವ ಕೆಲಸ. ಬೀದಿಯವರ ಬಾಯಲ್ಲಿ ಅವರು ಹಲ್ಲಣ್ಣ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತ ಸೆಟ್ಟುಗಳು ಹೋಗಿ ಬರುವವರನ್ನೆಲ್ಲ ನೋಡಿ ಹಲ್ಲು ಕಿರಿಯುತ್ತಿರುತ್ತವೆ. ಅವುಗಳ ಹಿಂದೆ ಭಾವ ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ.

ನಾನು ಅದೇ ಮನೆಯ ಮಹಡಿ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನನ್ನ ಕತ್ತರಿಗಿಂತ ನಾಲಿಗೆ ಚೂಪು ಎಂದು ಗಿರಾಕಿಗಳು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಮೊಂಡು ಕತ್ತರಿಯಿಂದ ಯಾರಿಗೆ ಏನು ಉಪಯೋಗ? ಅಕ್ಕ ಮಾತ್ರ ನನ್ನ ಹಾಗಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನವಿಡೀ ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಕೆಲಸ ಮಾಡಿಸುತ್ತಾಳೆ, ಮನೆಗೆ ಬಂದಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ.

ಈ ಅಕ್ಕನಿಗೆ ಕಾರು ಓಡಿಸುವ ಆಸೆ. ಇಂದಿನದಲ್ಲ. ನಮ್ಮಪ್ಪ ಬ್ರೆಡ್ ಫ್ಯಾಕ್ಟರಿಯ ವ್ಯಾನು ಓಡಿಸುತ್ತಿದ್ದರು. ಅವರ ಮೊಣಕಾಲು ಹಿಡಿದುಕೊಂಡ ದಿನ ಅಕ್ಕನೇ ಸ್ಟೀರಿಂಗ್ ಹಿಡಿದು ಅಂಗಡಿ ಅಂಗಡಿಗೆ ಬ್ರೆಡ್ ಮುಟ್ಟಿಸಿ ಬರುತ್ತಿದ್ದಳು. ಮದುವೆಯಾದ ಮೇಲೆ ವ್ಯಾನೂ ಇಲ್ಲ, ಕಾರೂ ಇಲ್ಲ. ಆದರೂ ಲೈಸೆನ್ಸ್ ಮಾತ್ರ ತಪ್ಪದೆ ನವೀಕರಿಸುತ್ತಿದ್ದಳು. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಹಲ್ಲಣ್ಣನ ಹೆಂಡತಿಯ ಪಾಡೂ ಅದೇ ಆಗಿತ್ತು.

ಕೊನೆಗೆ ಒಂದು ದಿನ ಭಾವ ಕಾರು ಕೊಳ್ಳುವುದೆಂದು ತೀರ್ಮಾನ ಮಾಡಿದರು. ಹಲ್ಲುಸೆಟ್ಟುಗಳನ್ನು ಕ್ಲಿನಿಕ್ಕುಗಳಿಗೆ ಮುಟ್ಟಿಸಲು. ಎಷ್ಟು ದೂರ? ಅತಿ ದೂರದ ಕ್ಲಿನಿಕ್ಕು ಎರಡು ಕಿಲೋಮೀಟರು. ಅಲ್ಲಿಯವರೆಗೆ ಅವರು ಹೋಗುತ್ತಿದ್ದುದು ಕಾಲ್ನಡಿಗೆಯಲ್ಲಿ. ನಾನು ಬಾಯಿ ಬಿಡುವ ಮೊದಲೇ ಅಕ್ಕ, "ತಗೊಳ್ಳಿ, ತಗೊಳ್ಳಿ" ಎಂದಳು.

"ತಗೊಂಡು ಇಬ್ರೂ ಓಡಿಸೋಣ ಕಣೆ" ಎಂದರು ಭಾವ. ಅಕ್ಕನ ಮುಖ ಅರಳಿತು. ಆ ಮಾತನ್ನು ನಾನು ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ.

ಮೂವರೂ ಶೋರೂಮಿಗೆ ಹೋದೆವು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಭಾವ ಚಪ್ಪಲಿ ಹೊರಗೆ ಬಿಡಲು ಹೊರಟಿದ್ದರು, ನಾನು ತಡೆದೆ. ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ: ಬೆಟ್ಟದ ತುದಿಯಲ್ಲಿ ಕಾರು, ಅದಕ್ಕೆ ಒರಗಿ ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಒಬ್ಬ ಗಂಡಸು. ಭಾವ ಅವನನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಟೈ ಕಟ್ಟಿದ ಸೇಲ್ಸಿನವನು ಬಂದ.

"ದಿನಾ ಎಷ್ಟು ಓಡ್ಸ್ತೀರಾ ಸಾರ್?"

ಭಾವ ಚಿತ್ರ ನೋಡಿದರು, ಟೈ ನೋಡಿದರು, ಗಂಟಲು ಸರಿಮಾಡಿಕೊಂಡರು. "ಎಪ್ಪತ್ತು... ಎಂಬತ್ತು ಆಗುತ್ತೆ."

"ಎಪ್ಪ—" ಎಂದು ನಾನು ಶುರು ಮಾಡುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದಳು.

"ಹೈವೇನೇ ಜಾಸ್ತಿನಾ ಸಾರ್?"

"ಬರೀ ಹೈವೇ" ಎಂದರು ಭಾವ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಹಾಗಿದ್ರೆ ಪೆಟ್ರೋಲ್ ಕಡೆ ತಿರುಗಿ ಕೂಡ ನೋಡ್ಬೇಡಿ. ನಿಮಗೆ ಡೀಸೆಲ್ಲೇ ಸರಿ."

ಪಾಪ, ಅವನದೇನು ತಪ್ಪು? ಕೇಳಿದ್ದೂ ಸರಿ, ಹೇಳಿದ್ದೂ ಸರಿ. ಅವನು ಕಾರು ಮಾರಿದ್ದು ಮಾತ್ರ ನಮ್ಮ ಭಾವನಿಗಲ್ಲ, ಬೆಟ್ಟದ ತುದಿಯಲ್ಲಿ ನಿಂತಿದ್ದ ಆ ಕೂದಲಿನವನಿಗೆ. ಅಕ್ಕ ಆ ಹೊತ್ತಿಗೆ ಡ್ರೈವರ್ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಎದುರಿನ ಗೋಡೆಯನ್ನೇ ರಸ್ತೆ ಎನ್ನುವ ಹಾಗೆ ನೋಡುತ್ತಿದ್ದಳು. ಎಬ್ಬಿಸಲು ಎರಡು ಸಲ ಕರೆಯಬೇಕಾಯಿತು.

ಹೊರಗೆ ಬಂದಮೇಲೆ ನಾನು ಬಿಡಲಿಲ್ಲ. "ಏನ್ ಭಾವ, ಎಂಬತ್ತು ಕಿಲೋಮೀಟರಾ? ಯಾವ ಊರಿಗೆ ಹಲ್ಲು ಕಟ್ತೀರಾ?"

"ಎರಡು ಅಂದಿದ್ರೆ ಅವನು ಸೈಕಲ್ ಅಂಗಡಿ ದಾರಿ ತೋರಿಸ್ತಿದ್ದ ಕಣಮ್ಮ" ಎಂದರು. "ಅಲ್ದೆ ಡೀಸೆಲ್ ಮೈಲೇಜ್ ನೋಡಿದ್ಯಾ?"

"ಮೈಲೇಜ್ ಬರ್ಬೇಕಾದ್ರೆ ಮೈಲಿ ಹೋಗ್ಬೇಕಲ್ಲ!"

ಕಾರು ಬಂತು. ಅಕ್ಕ ಮರುದಿನವೇ ಕೇಳಿದಳು. "ಇಂಜಿನ್ ಸ್ವಲ್ಪ ಪಳಗಲಿ" ಎಂದರು ಭಾವ. ಇಂಜಿನ್ ಪಳಗಿತು. "ಮೊದಲ್ನೇ ಸರ್ವೀಸ್ ಆಗಲಿ." ಸರ್ವೀಸೂ ಆಯಿತು. "ಮಳೆ ನಿಲ್ಲಲಿ." ಮಳೆ ನಿಂತಮೇಲೆ "ಧೂಳು ಜಾಸ್ತಿ" ಎಂದರು. ಆಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು. ಬೆಳಿಗ್ಗೆ ಬಸ್ ಸ್ಟಾಪಿಗೆ ಹೋಗುವಾಗ ಕಾರಿನ ಪಕ್ಕ ಒಂದು ಗಳಿಗೆ ನಿಂತು, ಕನ್ನಡಿಯ ಧೂಳನ್ನು ಸೆರಗಿನಿಂದ ಒರೆಸಿ ಹೋಗುತ್ತಿದ್ದಳು. ಮಹಡಿಯ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಇನ್ನು ಭಾವ ಓಡಿಸುವ ಚಂದವೋ! ಹಲ್ಲುಸೆಟ್ಟಿನ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು ಅದಕ್ಕೆ ಬೆಲ್ಟ್ ಹಾಕುತ್ತಿದ್ದರು. ಬೀದಿಯ ತಿರುವು ಬರುವುದರೊಳಗೆ ಎರಡು ಸಲ ಬ್ರೇಕು. ಹಲ್ಲು ಅಲುಗಬಾರದಂತೆ. ಕ್ಲಿನಿಕ್ಕಿನ ಮುಂದೆ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಜಾಗ ಹುಡುಕಿಕೊಂಡು ಹಿಂದಿನ ರಸ್ತೆ, ಅದರ ಹಿಂದಿನ ರಸ್ತೆ, ಹೀಗೇ ಸುತ್ತಿ ಸುತ್ತಿ ಒಂದು ದಿನ ನಮ್ಮ ಮನೆ ಮುಂದೆಯೇ ಬಂದು ನಿಲ್ಲಿಸಿದರು. ಡಬ್ಬಿ ಎತ್ತಿಕೊಂಡು ಅಲ್ಲಿಂದ ಕ್ಲಿನಿಕ್ಕಿಗೆ ನಡೆದುಕೊಂಡು ಹೋದರು. ನಾನು ಮೇಲಿನಿಂದ ನೋಡಿ ನಕ್ಕೆ, ಹೊಲಿಗೆ ವಕ್ರವಾಯಿತು, ಬಿಚ್ಚಿ ಮತ್ತೆ ಹೊಲಿದೆ.

ಹೀಗೇ ಕೆಲವು ತಿಂಗಳು ಕಳೆದವು. ಒಂದು ದಿನ ಭಾವ ಗಾಬರಿಯಿಂದ ಒಳಗೆ ಬಂದರು. ಕಾರಿನ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿತ್ತು. ಒಂದು ಡಬ್ಬಿಯ ಚಿತ್ರ, ಅದರೊಳಗೆ ಚುಕ್ಕಿ ಚುಕ್ಕಿ.

"ನೋಡೋಕೆ ಹಲ್ಲುಸೆಟ್ಟಿನ ಹಾಗೇ ಇದೆ" ಎಂದರು. "ಡಬ್ಬಿ ಸರಿಯಾಗಿ ಇಟ್ಟಿಲ್ಲ ಅಂತ ಹೇಳ್ತಿದ್ಯೇನೋ." ಹಲ್ಲಿನ ಡಬ್ಬಿಯನ್ನು ಹಿಂದಿನ ಸೀಟಿಗೆ ಸಾಗಿಸಿ ಎರಡು ದಿನ ಓಡಿಸಿದರು. ದೀಪ ಆರಲಿಲ್ಲ.

ಕೊನೆಗೆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಒಂದೇ ನೋಟಕ್ಕೆ ಹೇಳಿದ. "ಸಾರ್, ಹೊಗೆ ಕೊಳವೇಲಿ ಒಂದು ಜಾಲರಿ ಇದೆ. ಡೀಸೆಲ್ ಮಸಿನೆಲ್ಲ ಅದು ಹಿಡ್ಕೊಳ್ಳುತ್ತೆ. ಗಾಡಿ ದೂರ ಓಡಿ ಚೆನ್ನಾಗಿ ಬಿಸಿ ಆದ್ರೆ ಆ ಮಸಿ ಅಲ್ಲೇ ಸುಟ್ಟು ಹೋಗುತ್ತೆ. ಇಲ್ಲಾಂದ್ರೆ ಕಟ್ಕೊಳ್ಳುತ್ತೆ. ದಿನಾ ಎಷ್ಟು ಓಡುತ್ತೆ ಗಾಡಿ?"

ಭಾವ ಮೇಲೆ ನೋಡಿದರು, ಕೆಳಗೆ ನೋಡಿದರು. ನಾನಿದ್ದೆನಲ್ಲ. "ಎರಡು ಕಿಲೋಮೀಟರ್" ಎಂದೆ.

"ಎರಡಾ? ಅಯ್ಯೋ ಸಾರ್, ಇಂಜಿನ್ ಕಣ್ಣು ಬಿಡೋದ್ರೊಳಗೆ ನಿಮ್ಮ ಊರೇ ಮುಗಿದು ಹೋಗುತ್ತಲ್ಲ! ಇಷ್ಟಕ್ಕೆ ಡೀಸೆಲ್ ಯಾರು ಕೊಟ್ರು ನಿಮಗೆ?"

"ಕೊಡಲಿಲ್ಲಪ್ಪ, ಇವರೇ ಕೇಳಿ ಇಸ್ಕೊಂಡ್ರು" ಎಂದೆ. "ಏನ್ ಭಾವ, ಒಂದು ಸೆಟ್ಟಿಗೋಸ್ಕರ ನೀರು ಕಾಯಿಸಲ್ಲ, ನಾಲ್ಕಾರು ಕೂಡಿದ ಮೇಲೇನೇ ಒಲೆ ಹಚ್ಚೋದು ಅಂತೀರಲ್ಲ. ಆ ಬುದ್ಧಿ ಶೋರೂಮಲ್ಲಿ ಎಲ್ಲಿ ಹೋಗಿತ್ತು?"

"ನೀನು ಸ್ವಲ್ಪ ಸುಮ್ನಿರ್ತೀಯಾ?" ಎಂದರು ಭಾವ. ಮೆಕ್ಯಾನಿಕ್ಕಿನ ಕಡೆ ತಿರುಗಿ, "ಈಗೇನಪ್ಪ ಮಾಡೋದು?" ಎಂದರು.

"ವಾರಕ್ಕೊಂದ್ಸಲ ಹೈವೇಗೆ ಕರ್ಕೊಂಡು ಹೋಗಿ. ಅರ್ಧ ಗಂಟೆ ಎಲ್ಲೂ ನಿಲ್ಲಿಸ್ಬೇಡಿ. ನಾಲ್ಕನೇ ಗೇರು, ಎಂಬತ್ತರ ವೇಗ. ಇಂಜಿನ್ ಸ್ವಲ್ಪ ಅರಚಬೇಕು."

"ಅರಚಬೇಕಾ?" ಭಾವನ ಮುಖ ಬಿಳಿಚಿಕೊಂಡಿತು.

"ಹೂಂ ಸಾರ್. ತುಂಬ ಮುದ್ದು ಮಾಡಿದೀರ. ಸ್ವಲ್ಪ ಗದರಿಸಿ ಓಡ್ಸಿ."

ಆ ಭಾನುವಾರ ಮೂವರೂ ಹೊರಟೆವು. ಎದುರು ಮನೆಯವರು ಎಲ್ಲಿಗೆ ಪ್ರಯಾಣ ಎಂದು ಕೇಳಿದರು. "ಎಲ್ಲಿಗೂ ಇಲ್ಲ" ಎಂದರು ಭಾವ. ನಿಜವನ್ನೇ ಹೇಳಿದರು. ಎದುರು ಮನೆಯವರಿಗೆ ಮಾತ್ರ ಸಿಟ್ಟು ಬಂತು, ಹೇಳಲು ಇಷ್ಟವಿಲ್ಲದಿದ್ದರೆ ಬೇಡ ಎಂದು ಬಾಗಿಲು ಹಾಕಿಕೊಂಡರು.

ಹೈವೇ ಬಂತು. ಭಾವ ನಲವತ್ತಕ್ಕೇರಿದರು, ಅಲ್ಲೇ ನಿಂತರು. ಕುರ್ಚಿ ತುಂಬಿದ ಲಾರಿ ನಮ್ಮನ್ನು ದಾಟಿತು. ಹಾಲಿನ ವ್ಯಾನು ದಾಟಿತು. ಮೊಪೆಡ್ಡಿನ ಮೇಲೆ ಒಬ್ಬ ಅಜ್ಜ ದಾಟುತ್ತ ದಾಟುತ್ತ ವೇಗ ತಗ್ಗಿಸಿ, ಕಿಟಕಿಯೊಳಗೆ ಬಗ್ಗಿ ನೋಡಿ, "ಯಾರಿಗಾದ್ರೂ ಹುಷಾರಿಲ್ವೇನಪ್ಪಾ?" ಎಂದ.

"ಭಾವ, ಎಂಬತ್ತು."

"ಹೋಗ್ತಾ ಇದೀನಲ್ಲ."

"ಮುಳ್ಳು ನಲವತ್ತರಲ್ಲಿದೆ."

"ಆ ಮುಳ್ಳು ಸ್ವಲ್ಪ ಕಡಿಮೆ ತೋರಿಸುತ್ತೆ."

ರಸ್ತೆ ಬದಿಯಲ್ಲಿ ಮಲಗಿದ್ದ ನಾಯಿಯೊಂದು ಏಳಬಹುದು ಎಂಬ ಅನುಮಾನಕ್ಕೆ ಕಾರು ಪೂರ್ತಿ ನಿಲ್ಲಿಸಿದರು. ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ದೀಪ ಹತ್ತಿದ್ದು ಹತ್ತಿದ ಹಾಗೇ ಮನೆಗೆ ಬಂದೆವು. ಹೋಗುವಾಗಲೂ ಬರುವಾಗಲೂ ಅಕ್ಕನ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು.

ಆ ವಾರ ಕಳೆಯುವುದರೊಳಗೆ ದೀಪ ಮಿಟುಕಲು ಶುರುವಾಯಿತು, ಕಾರು ಉಬ್ಬು ಹತ್ತಲು ಏದುಸಿರು ಬಿಡತೊಡಗಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, "ಇನ್ನು ತಡ ಮಾಡಿದ್ರೆ ಜಾಲರಿನೇ ಬದಲಾಯಿಸ್ಬೇಕು ಸಾರ್. ಅದರ ಬೆಲೆ ನಿಂತ್ಕೊಂಡು ಕೇಳ್ಬೇಡಿ, ಕೂತ್ಕೊಳ್ಳಿ" ಎಂದ. ಭಾವ ಕೂತರು. ಬೆಲೆ ಕೇಳಿದಮೇಲೆ ಮಲಗಿದರು.

ಮತ್ತೆ ಭಾನುವಾರ, ಮತ್ತೆ ಹೈವೇ, ಮತ್ತೆ ನಲವತ್ತು. ಅಕ್ಕ ಇದ್ದಕ್ಕಿದ್ದಂತೆ, "ನಿಲ್ಸಿ" ಎಂದಳು.

"ಯಾಕೆ? ವಾಂತಿ ಬರ್ತಿದ್ಯಾ?"

"ನಿಲ್ಸಿ ಅಂದೆ."

ಅದು ಲಾಂಡ್ರಿಯ ಧ್ವನಿ. ಮನೆಯಲ್ಲಿ ನಾವು ಯಾರೂ ಅದನ್ನು ಕೇಳಿರಲಿಲ್ಲ. ಭಾವ ನಿಲ್ಲಿಸಿದರು. ಅಕ್ಕ ಇಳಿದು, ಸುತ್ತಿ ಬಂದು, ಡ್ರೈವರ್ ಬಾಗಿಲು ತೆಗೆದಳು. "ಆ ಕಡೆ ಸರೀರಿ."

ಇಳಿದು ಹೋಗುವುದು ಬಿಟ್ಟು ಭಾವ ಒಳಗಿನಿಂದಲೇ ಗೇರು ದಾಟಲು ಹೋದರು. ಇಳಿದರೆ ಇವಳು ಬಿಟ್ಟೇ ಹೋಗುತ್ತಾಳೆಂಬ ಭಯ ಇರಬೇಕು. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ, ಮಧ್ಯೆ ಗೇರಿನ ಕೋಲು. ನಾನು ಹಿಂದಿನಿಂದ ಅಂಗಿ ಹಿಡಿದು ಎಳೆದೆ. ಅಂತೂ ಇಂತೂ ಆ ಸೀಟಿಗೆ ಬಿದ್ದರು.

ಅಕ್ಕ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ಸೀಟು ಮುಂದಕ್ಕೆಳೆದಳು, ಕನ್ನಡಿ ತಿರುಗಿಸಿದಳು. ಅಲ್ಲಿಂದ ಹೊರಟಳು ನೋಡಿ! ಮೂರನೇ ಗೇರು, ನಾಲ್ಕನೇ ಗೇರು, ಇಂಜಿನ್ ಅರಚಿತು, ಭಾವ ಅದಕ್ಕಿಂತ ಜೋರಾಗಿ ಅರಚಿದರು. "ನಿಧಾನ ಕಣೇ! ಲಾರಿ! ಲಾರಿ ಕಣೇ!"

"ಕಾಣ್ತಿದೆ ರೀ" ಎಂದಳು. ಲಾರಿ ಹಿಂದಾಯಿತು. ಭಾವ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು. ನಾನು ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದೆ. ನಗುತ್ತಿದ್ದಳು. ಒಬ್ಬಳೇ, ಯಾರಿಗೂ ತೋರಿಸಲಿಕ್ಕಲ್ಲದ ನಗು. ಬ್ರೆಡ್ ವ್ಯಾನಿನ ಕಾಲದ ನನ್ನ ಅಕ್ಕ. ಎಷ್ಟು ವರ್ಷವಾಗಿತ್ತು ಅವಳನ್ನು ನೋಡಿ! ನನಗೆ ಅಳು ಬಂತು, ಬಂದರೆ ಬರಲಿ ಎಂದು ಸುಮ್ಮನಾದೆ.

ಅರ್ಧ ಗಂಟೆಯ ಹೊತ್ತಿಗೆ ಭಾವ ಒಂದು ಕಣ್ಣು ತೆರೆದರು. "ಆರಿತು! ದೀಪ ಆರಿತು! ನಿಲ್ಸು, ನಿಲ್ಸು!" ಅಕ್ಕ ಬದಿಗೆ ತಂದು ನಿಲ್ಲಿಸಿದಳು. ಭಾವ ಇಳಿದು ಬಂದು ಕೈ ಚಾಚಿದರು. ಅಕ್ಕ ಕೀಲಿ ಕೊಟ್ಟು ಈ ಕಡೆ ಬಂದು ಕೂತಳು. ವಾಪಸು ನಲವತ್ತರಲ್ಲಿ ಬಂದೆವು. ನನ್ನ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅದೇ ಪದ್ಧತಿಯಾಯಿತು. ದೀಪ ಹತ್ತಿದರೆ ಅಕ್ಕನಿಗೆ ಸೀಟು, ಆರಿದರೆ ಭಾವನಿಗೆ. ಬೆಂಕಿ ಬಿದ್ದಾಗ ಮಾತ್ರ ನೆನಪಾಗುವ ಫೈರ್ ಎಂಜಿನ್ನಿನವರ ಹಾಗೆ. ಸಂಜೆ ಭಾವ ಬರುತ್ತಿದ್ದಂತೆ ಅಕ್ಕ ಒಳಗಿನಿಂದಲೇ, "ದೀಪ ಏನಾದ್ರೂ ಹತ್ತಿತಾ ರೀ?" ಎನ್ನುವಳು. ಇಲ್ಲ ಎಂದರೆ "ಸದ್ಯ" ಎನ್ನುವಳು, ಧ್ವನಿ ಪೆಚ್ಚಾಗಿರುತ್ತಿತ್ತು. ಹತ್ತಿತು ಎಂದರೆ "ಅಯ್ಯೋ ಪಾಪ, ಹೌದಾ?" ಎಂದು ನಗು ಮುಚ್ಚಿಕೊಳ್ಳಲು ಅಡುಗೆಮನೆಗೆ ಓಡುವಳು. ಭಾವನಿಗೆ ಇದೊಂದೂ ಕಾಣಿಸುತ್ತಿರಲಿಲ್ಲ. ಬೇರೆಯವರ ದವಡೆಯಲ್ಲಿ ಕೂದಲೆಳೆಯಷ್ಟು ಎತ್ತರ ತಗ್ಗು ಕಂಡುಹಿಡಿಯುವ ಮನುಷ್ಯ!

ಹೀಗಿರುವಾಗ ಮೆಕ್ಯಾನಿಕ್ ಒಂದು ದಿನ ಮನೆಗೇ ಬಂದ. ಅವನ ಗಿರಾಕಿಯೊಬ್ಬ ಊರೂರು ಸುತ್ತಿ ಔಷಧಿ ಮಾರುವವನು. ಅವನ ಹತ್ತಿರ ಒಂದು ಚಿಕ್ಕ ಪೆಟ್ರೋಲ್ ಕಾರಿದೆ, ಅವನಿಗೆ ಡೀಸೆಲ್ ಬೇಕು. "ಅದಕ್ಕೆ ಇದು, ಇದಕ್ಕೆ ಅದು ಸಾರ್. ನೀವು ಎರಡಲ್ಲ, ಅರ್ಧ ಕಿಲೋಮೀಟರ್ ಓಡ್ಸಿ, ಯಾವ ದೀಪಾನೂ ಹತ್ತಲ್ಲ. ನಾಳೆ ಹೇಳಿ."

ಭಾವ ಹಿಗ್ಗಿ ಹೀರೇಕಾಯಿಯಾದರು. ಕೈಯಲ್ಲಿ ಅರ್ಧ ಹೊಳಪು ಕೊಟ್ಟ ಸೆಟ್ಟು ಹಿಡಿದುಕೊಂಡೇ ಅಡುಗೆಮನೆಗೆ ಹೋದರು. "ಕೇಳಿದ್ಯಾ? ಇನ್ನು ಹೈವೇ ತಾಪತ್ರಯ ಇಲ್ಲ. ನಿನಗೂ ಭಾನುವಾರ ರಜಾ. ಏನಂತೀಯ?"

ಅಕ್ಕ ತಟ್ಟೆ ತೊಳೆಯುತ್ತಿದ್ದಳು. "ಹೈವೇಗೆ ಹೋಗೋ ಹಾಗೇ ಇಲ್ವಾ?"

"ಒಂದು ಸಲಾನೂ ಬೇಡ!"

"ಹೂಂ" ಎಂದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು.

ನನಗೆ ತಡೆಯಲಾಗಲಿಲ್ಲ. "ಭಾವ, ನಿಮ್ಮ ಕೈಲಿರೋ ಹಲ್ಲಿಗಾದ್ರೂ ಅರ್ಥ ಆಗಿರುತ್ತೆ, ನಿಮಗೆ ಆಗಲ್ವಾ? ಅವಳಿಗೆ ಓಡ್ಸೋಕೆ ಸಿಗೋದೇ ಆ ದರಿದ್ರ ದೀಪ ಹತ್ತಿದಾಗ. ಈಗ ಅದನ್ನೂ ಕೊಟ್ಟು ಬರ್ತೀನಿ ಅಂತೀರಲ್ಲ!"

ಭಾವ ಅಕ್ಕನನ್ನು ನೋಡಿದರು. "ಹೌದೇನೇ? ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

ಅಕ್ಕ ನಲ್ಲಿ ನಿಲ್ಲಿಸಿದಳು. "ಎಷ್ಟು ಸಲ ಕೇಳ್ಲಿ ರೀ? ಇಂಜಿನ್ ಪಳಗಲಿ ಅಂದ್ರಿ. ಮಳೆ ನಿಲ್ಲಲಿ ಅಂದ್ರಿ. ಧೂಳು ಅಂದ್ರಿ. ನನಗೆ ಆಸೆ ರೀ. ಓಡಿಸ್ಬೇಕು ಅಂತ ಆಸೆ. ಬೇರೆ ಏನೂ ಕೇಳಿಲ್ಲ ನಿಮ್ಮನ್ನ."

ಭಾವ ಹಲ್ಲುಸೆಟ್ಟನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹಾಕುತ್ತ ನಿಂತರು.

"ಭಯ ಕಣೆ" ಎಂದರು ಕೊನೆಗೆ.

"ನಾನು ಗುದ್ದಿಬಿಡ್ತೀನಿ ಅಂತನಾ?"

"ಅಲ್ಲ. ನೀನು ನನಗಿಂತ ಚೆನ್ನಾಗಿ ಓಡಿಸ್ತೀಯ. ಬೀದಿಗೆಲ್ಲ ಗೊತ್ತಾಗ್ಬಿಡುತ್ತೆ."

"ಬೀದಿಗೆ ಆಗ್ಲೇ ಗೊತ್ತು ಭಾವ" ಎಂದೆ. "ಮೊಪೆಡ್ ಅಜ್ಜಂಗೂ ಗೊತ್ತು."

ಅಕ್ಕನಿಗೆ ನಗು ಬಂತು. ನಗುವಾಗಲೇ ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು. ಭಾವ ಫೋನು ತೆಗೆದು ಮೆಕ್ಯಾನಿಕ್ಕಿಗೆ ಮಾತಾಡಿದರು. ಕಾರು ಕೊಡುವುದಿಲ್ಲ ಎಂದರು. ಆ ಕಡೆಯಿಂದ ಅವನು ಕೂಗಿದ್ದು ನಮಗೂ ಕೇಳಿಸಿತು: "ಏನ್ ಸಾರ್ ನೀವು, ಗೊತ್ತಿದ್ದೂ ಗೊತ್ತಿದ್ದೂ ಡೀಸೆಲ್ಲೇ ಬೇಕು ಅಂತೀರಾ?"

"ಹೂಂನಪ್ಪ, ಡೀಸೆಲ್ಲೇ ಬೇಕು" ಎಂದು ಭಾವ ಫೋನು ಇಟ್ಟರು.

ಸೋಮವಾರದಿಂದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಡೆದೇ ಕ್ಲಿನಿಕ್ಕಿಗೆ ಹೊರಟರು. ಜಾಗ ಹುಡುಕುವ ಕೆಲಸ ಇಲ್ಲದ್ದರಿಂದ ಮೊದಲಿಗಿಂತ ಬೇಗ ಬರುತ್ತಿದ್ದರು.

ಕಾರನ್ನು ಮಾತ್ರ ದಿನಾ ಬೆಳಿಗ್ಗೆ ನಿಂತಲ್ಲೇ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡುತ್ತಿದ್ದರು, ಆ ಭಾನುವಾರ ಬೆಳಿಗ್ಗೆ ನೋಡಿದರೆ ದೀಪ ಮತ್ತೆ ಹತ್ತಿತ್ತು. ಭಾವ ಕೀಲಿ ತಂದು ಅಕ್ಕನ ಕೈಗಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಳ್ಳಲು ಹೋದರೆ ನನ್ನನ್ನೂ ತಡೆದರು. "ಅವಳೊಬ್ಳೇ ಹೋಗಿ ಬರ್ಲಿ" ಎಂದರು. ಅಕ್ಕ ಅವರ ಮುಖ ನೋಡಿದಳು, ಕೀಲಿ ನೋಡಿದಳು, ಹೊರಟುಹೋದಳು.

ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಭಾವ ಬಾಗಿಲಿಗೂ ಗೇಟಿಗೂ ಓಡಾಡುತ್ತ, "ಈಗ ಜಾಲರಿ ಬಿಸಿಯಾಗಿರುತ್ತೆ" ಎಂದರು. "ಈಗ ಮಸಿ ಸುಡ್ತಿರುತ್ತೆ" ಎಂದರು. "ಈಗ ಆರಿರಬೇಕು, ತಿರುಗಿಸಿರ್ತಾಳೆ" ಎಂದರು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಊಟದ ಹೊತ್ತಾಯಿತು, ಮೀರಿತು. ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಕಾರು ಬಂತು. ಒಂದೇ ಸಲಕ್ಕೆ ಗೇಟಿನೊಳಗೆ ತಂದು ನಿಲ್ಲಿಸಿದಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಎಲ್ಲಿಯದೋ ಧೂಳು ಹಣೆಯವರೆಗೂ ಹತ್ತಿತ್ತು. ಭಾವ ಎದ್ದು ಓಡಿದರು.

"ದೀಪ ಆರಿತಾ?"

ಅಕ್ಕ ಒಂದು ಕ್ಷಣ ಯೋಚಿಸಿದಳು. "ಅಯ್ಯೋ, ನೋಡ್ಲೇ ಇಲ್ಲ ರೀ."

ಭಾವ ಒಳಗೆ ಹೋಗಿ ಅವಳಿಗೆ ತಟ್ಟೆ ಹಾಕಿ ಬಡಿಸಿದರು.